ಗೆಟ್ಟಿಸ್‌ಬರ್ಗಿನ ಹುಡುಗಿ

"ಒಂದೇ ಒಂದು ಸಲ ಮಾಡಿ ಸ್ವರೂಪ್. ನಾಳೆ ಊರಿಗೆ ಹೋದ್ಮೇಲೆ ನಾನು ಯಾರ ಹತ್ರ ಕೇಳುವುದು?"

ಚಪಾತಿ ಹಿಟ್ಟಿನಿಂದ ಕೈ ತೆಗೆಯದೆಯೇ ಕ್ರಿಸ್ಟಿ ಕೇಳಿದಳು. ಪರದೇಶದ ಪೆಟಾಲಿಂಗ್ ಜಯಾ ಊರಿನ ಆ ಒಂಬತ್ತನೇ ಮಹಡಿಯ ಮನೆಯಲ್ಲಿ ಸಾಮಾನೆಲ್ಲ ಪೆಟ್ಟಿಗೆ ಸೇರಿ, ತವ, ಲಟ್ಟಣಿಗೆ, ಎರಡು ಸ್ಟೂಲು ಮಾತ್ರ ಹೊರಗಿದ್ದವು. ಅವಳ ಬೆನ್ನ ಹಿಂದೆ, ಬಟ್ಟೆ ಒಣಹಾಕುವ ಜಾಗದ ಬಾಗಿಲು ಮುಚ್ಚಿತ್ತು.

ಅವಳು ಕೇಳಿದ್ದು ಸತ್ತ ಗಂಡನ ದನಿಯನ್ನು. ಎಡ್ಮಂಡ್ ತೀರಿಕೊಂಡ ನಾಲ್ಕನೇ ದಿನ, ಆಫೀಸಿನ ಫೋನು ಆಫೀಸಿಗೇ ಸೇರಬೇಕೆಂದು ವಾಪಸು ಕೊಟ್ಟುಬಿಟ್ಟಿದ್ದಳು. ಅವರು ನಿಯಮದಂತೆ ಎಲ್ಲವನ್ನೂ ಅಳಿಸಿದರು. ಅವಳಿಗೆ ಅವನು ಯಾವತ್ತೂ ಟೈಪು ಮಾಡಿಯೇ ಕಳಿಸುತ್ತಿದ್ದವನು. ಆ ದನಿ ಇನ್ನೆಲ್ಲಾದರೂ ಉಳಿದಿದ್ದರೆ ಅದು ಅವನ ಆಫೀಸಿನ ಗೆಳೆಯ ಸ್ವರೂಪನ ಗಂಟಲಲ್ಲಿ.

ಮ್ಯಾನೇಜರಿಂದ ಹಿಡಿದು ಲಿಫ್ಟಿನಲ್ಲಿ ಮಹಡಿ ಕೂಗುವ ಹೆಂಗಸಿನವರೆಗೆ ಸ್ವರೂಪನ ಅಣಕಕ್ಕೆ ಸಿಗದವರಿರಲಿಲ್ಲ. ಎಡ್ಮಂಡನನ್ನಂತೂ ಎದುರಿಗೇ ಕೂರಿಸಿಕೊಂಡು ಅಣಕಿಸುತ್ತಿದ್ದ. ಪ್ರತಿ ಶನಿವಾರ ಮಾಮಕ್ ಅಂಗಡಿಯಲ್ಲಿ ಚಹಾದ ಮುಂದೆ ಕೂತು, ಒಬ್ಬರನ್ನೊಬ್ಬರು ಅಮೆರಿಕದ ಯುದ್ಧಗಳ ಮೇಲೆ ಪರೀಕ್ಷಿಸುವುದು ಅವರ ಹುಚ್ಚು. ಇಬ್ಬರ ವಂಶದಲ್ಲೂ ಪಟಾಕಿಗಿಂತ ದೊಡ್ಡದನ್ನು ಹಚ್ಚಿದವರಿಲ್ಲ. "ವಾರಕ್ಕೊಂದು ವಾರ್," ಎನ್ನುತ್ತಿದ್ದ ಸ್ವರೂಪ. ನಿಯಮ ಎರಡೇ: ಫೋನಿನಲ್ಲಿ ಹುಡುಕಬಾರದು, ಕೇಳಿದವನು ಉತ್ತರ ಬಿಟ್ಟುಕೊಡಬಾರದು.

ಕೊನೆಯ ಪ್ರಶ್ನೆ ಆಸ್ಪತ್ರೆಯ ಮಂಚದಿಂದ ಬಂದಿತ್ತು. "ಗೆಟ್ಟಿಸ್‌ಬರ್ಗ್. ಅಷ್ಟು ಸಾವಿರ ಸಿಪಾಯಿಗಳು ಸತ್ರು. ಊರಿನವರಲ್ಲಿ ಗುಂಡು ತಾಗಿ ಸತ್ತದ್ದು ಒಂದೇ ಹುಡುಗಿ. ಆಗ ಅವಳು ಎಂತ ಮಾಡ್ತಿದ್ಳು? ಶನಿವಾರ ಹೇಳು." ಎಡ್ಮಂಡ್ ಶುಕ್ರವಾರವೇ ಹೋದ. ಸ್ವರೂಪ ಇವತ್ತಿಗೂ ಹುಡುಕಿ ನೋಡಿರಲಿಲ್ಲ.

"ಬೇಡ ಕ್ರಿಸ್ಟಿಯಕ್ಕ," ಎಂದ. "ಹೋದ್ವಾರ ಮಾಮಕ್ ಅಂಗ್ಡೀಲಿ ಟೀ ಹೇಳಕ್ಕೆ ಬಾಯಿ ತೆಗ್ದೆ. ಅವ್ರ ದನೀನೇ ಬಂತು. ನಾನು ಮಾಡಿದ್ದಲ್ಲ."

"ಬಂದ್ರೆ ಬರ್ಲಿ. ಅದು ನನ್ನ ಗಂಡನದ್ದೇ ಅಲ್ವಾ? ನಿಮ್ಗೆ ಎಂತ ನಷ್ಟ?"

ಅವಳು ನಗುತ್ತಲೇ ಕೇಳಿದ್ದರೂ ಕಣ್ಣು ನಗುತ್ತಿರಲಿಲ್ಲ. ಸ್ವರೂಪ ಸೋತ. ಎಡ್ಮಂಡ್ ಮಾಡುತ್ತಿದ್ದಂತೆ ಚಮಚದಿಂದ ಲೋಟಕ್ಕೆ ಎರಡು ಸಲ ತಟ್ಟಿ, ಮೂಗಿನಲ್ಲಿ ಸಣ್ಣಗೆ "ಹ್ಞಾ" ಎಂದು ಶುರುಮಾಡಿದ.

"ಹ್ಞಾ. ಹೇಳು ನೋಡುವ ಮಾರಾಯ. ಗೆಟ್ಟಿಸ್‌ಬರ್ಗಿನ ಆ ಹುಡುಗಿ ಎಂತ ಮಾಡ್ತಿದ್ಳು?"

ಕ್ರಿಸ್ಟಿ ಕಣ್ಣು ಮುಚ್ಚಿದಳು. ಕೈಗಳು ಹಿಟ್ಟನ್ನು ನಾದುತ್ತಲೇ ಇದ್ದವು. ಇಷ್ಟು ಸಾಕೆಂದು ಸ್ವರೂಪ ಬಾಯಿ ಮುಚ್ಚಲು ಹೋದ. ಅದು ಮುಚ್ಚಲಿಲ್ಲ.

"ಹಿಟ್ಟು ನಾದ್ತಾ ಇದ್ಳು," ಎಂದಿತು ದನಿ. "ಬ್ರೆಡ್ಡಿಗೆ. ಗುಂಡು ಎರಡು ಬಾಗಿಲು ತೂತು ಮಾಡಿ ಬಂತು. ಬೆನ್ನಿಗೆ."

ಕೆಳಗೆ ಹೆದ್ದಾರಿಯ ಸದ್ದು ಎಂದಿನಂತೆ ಇತ್ತು. ಕಣ್ಣೆದುರು ಹಿಟ್ಟಿದೆ, ಅದಕ್ಕೇ ಹಾಗೆ ಬಂತು ಎಂದುಕೊಂಡ ಸ್ವರೂಪ. ಆದರೆ ಎರಡು ಬಾಗಿಲು?

ಕ್ರಿಸ್ಟಿಯ ಕೈ ನಿಂತಿತ್ತು. "ಗುರುವಾರ ರಾತ್ರಿ ನನ್ನ ಹತ್ರ ಹೇಳಿದ್ರು," ಎಂದಳು ಮೆಲ್ಲಗೆ. "ಇದೇ ಮಾತು. ಸ್ವರೂಪನಿಗೆ ಹೇಳ್ಬೇಡ, ಅವನೇ ಕಂಡುಹಿಡೀಲಿ ಅಂದ್ರು. ನೀವು ಫೋನಲ್ಲಿ ನೋಡಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಬಾಯಿ ಬಿಟ್ಟು ಹೇಳಿ ಸ್ವರೂಪ್. ನಿಮ್ಮ ದನಿಯಲ್ಲಿ."

ಬಾಯಿ ತೆರೆದರೆ ಯಾರ ದನಿ ಬರುವುದೋ ಎಂದು ಅವನು ತುಟಿ ಬಿಗಿಹಿಡಿದು ಕೂತ. ಕ್ರಿಸ್ಟಿ ಹಿಂದಿನ ಬಾಗಿಲನ್ನೊಮ್ಮೆ ತಿರುಗಿ ನೋಡಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಕಟ್ಟೆಯ ಮೇಲೆ, ಅವಳ ಬೆರಳುಗಳು ಹಿಟ್ಟಿನಲ್ಲಿ ಬಿಟ್ಟ ಗುಳಿಗಳು ಒಂದೊಂದಾಗಿ ಮೇಲೇಳುತ್ತಿದ್ದವು.