ಪುತ್ತಿಗೆಯ ಜಾಗ

ಆಂಬುಲೆನ್ಸಿನ ಚಕ್ರ ಜಲ್ಲಿರಾಶಿಗೆ ಹತ್ತಿ ನಿಂತುಬಿಟ್ಟಿತು. ಕೃಷ್ಣಕುಮಾರ ಇಳಿದು ಸುತ್ತ ನೋಡಿದ.

"ಅತ್ತಿಗೆ, ನಮ್ಮ ಜಾಗ ಇದುವೇ ಅಲ್ವಾ?"

ಗಂಗಾ ಗಂಡನ ದೇಹದ ಪಕ್ಕದಿಂದ ತಲೆ ಹೊರಹಾಕಿದಳು. ಪುತ್ತಿಗೆಯ ಅದೇ ರಸ್ತೆಬದಿ, ಅದೇ ಗೇರುಮರ. ಆದರೆ ಖಾಲಿ ಇರಬೇಕಾದ ನೆಲದ ಮೇಲೆ ಕೆಂಪುಕಲ್ಲಿನ ಗೋಡೆಗಳು ಆಳೆತ್ತರ ಎದ್ದಿದ್ದವು.

ಹಿಂದಿನ ಸಂಜೆ ವಿದ್ಯಾನಗರದ ಬಾಡಿಗೆಮನೆಯಲ್ಲಿ ಮಹಾಲಿಂಗ ಎದೆನೋವೆಂದು ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ಬಾಡಿಗೆಮನೆಯ ಅಂಗಳದಲ್ಲಿ ಸುಡುವಂತಿರಲಿಲ್ಲ. ಸ್ವಂತ ಮಣ್ಣು ಉಂಟಲ್ಲ, ಅಲ್ಲಿಗೇ ಒಯ್ಯುವ ಎಂದವಳು ಗಂಗಾ. ಮದುವೆಯಾದ ಹೊಸತರಲ್ಲಿ ಮನೆ ಕಟ್ಟಲೆಂದೇ ತೆಗೆದುಕೊಂಡ ಜಾಗ ಅದು. ಗ್ರಾಮ ವಿಸ್ತರಣಾಧಿಕಾರಿಯಾಗಿ ಬಡವರಿಗೆ ಸರಕಾರಿ ಯೋಜನೆಯ ಮನೆ ಮಾಡಿಸಿಕೊಡುವುದರಲ್ಲೇ ಆಯುಷ್ಯ ಕಳೆದ ಮಹಾಲಿಂಗ, ತನ್ನ ಮನೆಯ ಮಾತು ಬಂದಾಗಲೆಲ್ಲ "ಬರುವ ವರ್ಷ" ಎನ್ನುತ್ತಿದ್ದ. ನಿವೃತ್ತಿಯಾದ ಮೇಲೂ ಅದೇ ಮಾತು.

"ನಿಮಗೂ ಹೇಳದೆ ಅಣ್ಣ ಕಟ್ಟಿಸ್ತಿದ್ದನಾ ಎಂತ?"

"ನನಗೆ ಎಂತದೂ ಗೊತ್ತಿಲ್ಲ."

ಗೊತ್ತಿಲ್ಲದಿದ್ದರೂ ಗಂಗಾಳೊಳಗೆ ಸಣ್ಣದೊಂದು ಸಂತೋಷ ಎದ್ದಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಕೆಲವು ತಿಂಗಳಿಂದ ಅವನ ಪ್ಯಾಂಟಿನ ತುದಿಗೆ ಮೆತ್ತಿಕೊಂಡು ಬರುತ್ತಿದ್ದ ಕೆಂಪುಧೂಳು ಇದೇ ಇರಬೇಕು. ಬಾಗಿಲಿಗೆ ಬಿಟ್ಟ ಜಾಗದಿಂದ ಅವಳು ಒಳಗೆ ಹೋದಳು. ಇದು ಚಾವಡಿ, ಇದು ಮಲಗುವ ಕೋಣೆ. ಸಣ್ಣದು, ಆದರೂ ಇಬ್ಬರಿಗೆ ಸಾಕು ಎಂದುಕೊಂಡಳು. ಆಮೇಲೆ ತಾನೀಗ ಒಬ್ಬಳೇ ಎಂಬುದು ನೆನಪಾಯಿತು.

"ಅಕ್ಕಾ."

ಹೊರಗೆ, ಮೊಣಕಾಲುವರೆಗೆ ಸಿಮೆಂಟು ಮೆತ್ತಿದ ಮೇಸ್ತ್ರಿ ಕುಂಞ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹಿಂದೆ, ತಲೆಗೆ ಶಾಲು ಹೊದ್ದ ಹೆಂಗಸೊಬ್ಬಳು ಅಳುತ್ತಿದ್ದಳು.

"ಈ ಮನೆ ಇವರದ್ದು ಅಕ್ಕಾ. ಮಿಸ್ರಿಯಾ ಅಂತ. ನಿಮಗೆ ಸಾರ್ ಹೇಳಿರಬಹುದು ಅಂತ ನಾವು..."

*

ಹೊಳೆಬದಿಯ ಸರಕಾರಿ ಜಾಗದಲ್ಲಿ ಟಾರ್ಪಾಲು ಕಟ್ಟಿಕೊಂಡು, ಮಗಳು ಸಫ್ನಾಳೊಂದಿಗೆ ಬದುಕುತ್ತಿದ್ದ ಮಿಸ್ರಿಯಾ ವರ್ಷ ವರ್ಷವೂ ಮಹಾಲಿಂಗನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು.

"ಸ್ವಂತ ಜಾಗ ಇಲ್ಲದೆ ಮನೆ ಪಾಸಾಗುವುದಿಲ್ಲಮ್ಮ."

"ಜಾಗ ಇದ್ದಿದ್ರೆ ಒಂದು ಚಪ್ಪರವಾದ್ರೂ ಹಾಕ್ತಿದ್ದೆ ಸಾರ್. ಎರಡೂ ಇಲ್ಲದವರು ಎಲ್ಲಿಗೆ ಹೋಗುವುದು?"

ಆ ಪ್ರಶ್ನೆಯನ್ನು ಮಹಾಲಿಂಗ ಕಲೆಕ್ಟರೇಟಿನ ಸಭೆಗಳಲ್ಲಿ ಎತ್ತುತ್ತಿದ್ದ. ಮೇಲಿನವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಅವನು ನಿವೃತ್ತಿಯಾದ ವರ್ಷದ ಮಳೆಗೆ ಹೊಳೆ ಉಕ್ಕಿ ಗುಡಿಸಲು ಹೋಯಿತು. ಶಾಲೆಯ ಜಗಲಿಯಲ್ಲಿ ಮಗಳೊಂದಿಗೆ ಕುಳಿತಿದ್ದ ಮಿಸ್ರಿಯಾಳ ಹತ್ತಿರ ಮಹಾಲಿಂಗ ಬಂದು, "ಜಾಗ ಪುತ್ತಿಗೆಯಲ್ಲಿ ಆದರೆ ಆಗ್ತದಾ?" ಎಂದು ಕೇಳಿದ. ಯಾರ ಜಾಗವೆಂದು ಅವಳಿಗೆ ತಿಳಿದದ್ದು ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದು ತನ್ನ ಹೆಸರಿಗೆ ಆಗುವಾಗ.

"ನಿಮ್ಮ ಮನೆಯವರಿಗೆ ಗೊತ್ತುಂಟಾ ಸಾರ್?"

"ಹೇಳ್ತೇನೆ. ಮೊದಲು ಗೋಡೆ ಏಳಲಿ."

*

"ಜಾಗ ಎಷ್ಟು ಕೊಟ್ಟಿದ್ದಾರೆ?" ಗಂಗಾ ಕೇಳಿದಳು.

"ಅರ್ಧ," ಎಂದಳು ಮಿಸ್ರಿಯಾ. "ಉಳಿದರ್ಧ ನಿಮಗೇ ಅಂತ ಹೇಳಿದ್ರು."

"ಅಣ್ಣನಿಗೆ ತಲೆ ಸರಿ ಇತ್ತಾ ಮಾರಾಯ್ರೇ!" ಕೃಷ್ಣಕುಮಾರನ ಸ್ವರ ಏರಿತು. "ಹೆಂಡತಿಯನ್ನು ಬಾಡಿಗೆಮನೆಯಲ್ಲಿಟ್ಟು ದಾನವಂತೆ! ಇಲ್ಲಿ ಬೇಡ ಅತ್ತಿಗೆ, ಶ್ಮಶಾನಕ್ಕೇ ಹೋಗುವ."

ಗಂಗಾಳಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಗಂಡನನ್ನೇ ಕೇಳುವ ಎಂದು, ಅಭ್ಯಾಸಬಲದಿಂದ ಆಂಬುಲೆನ್ಸಿನ ಕಡೆ ತಿರುಗಿದಳು. ಅಲ್ಲಿ ಬಿಳಿ ಬಟ್ಟೆಯಿಂದ ಹೊರಚಾಚಿದ ಪಾದಗಳು ಮಾತ್ರ ಕಂಡವು.

"ಇಲ್ಲೇ ಮಾಡಿ ಅಕ್ಕಾ," ಮಿಸ್ರಿಯಾ ಮೆಲ್ಲಗೆ ಹೇಳಿದಳು.

"ನೀನು ಇರಬೇಕಾದ ಮನೆಯ ಪಕ್ಕದಲ್ಲೇ ಸುಡುವುದು. ಹೆದರಿಕೆ ಆಗುದಿಲ್ವಾ ನಿನಗೆ?"

"ಸಾರಿಗೆ ಹೆದರುದಾ?"

ಗಂಗಾ ಅವಳ ಮುಖವನ್ನೇ ನೋಡಿದಳು. ಇವಳನ್ನು ದ್ವೇಷಿಸಬೇಕು ಎನಿಸಿತು. ಅದೂ ಆಗಲಿಲ್ಲ.

"ಇಳಿಸಿ," ಎಂದಳು ಮೈದುನನಿಗೆ.

ಗೇರುಮರದಾಚೆ, ಉಳಿದರ್ಧದಲ್ಲಿ, ಅಕ್ಕಪಕ್ಕದವರು ಸೌದೆ ಒಟ್ಟಿದರು. ಕೃಷ್ಣಕುಮಾರ ಕೊಳ್ಳಿಯಿಟ್ಟ. ಬಿಸಿಲಿಗೋ ಬೆಂಕಿಗೋ ನಿಲ್ಲಲಾರದೆ ಗಂಗಾ ಗೋಡೆಯ ನೆರಳಿಗೆಂದು ಆ ಮನೆಯೊಳಗೇ ಹೋಗಿ ನೆಲಕ್ಕೆ ಕುಸಿದಳು. ಮಿಸ್ರಿಯಾ ಕೊಟ್ಟ ನೀರನ್ನು ಕುಡಿದಳು.

ಅಡುಗೆಕೋಣೆಯ ಕಿಟಕಿಗೆಂದು ಗೋಡೆಯಲ್ಲಿ ತೆರೆದಿಟ್ಟ ಜಾಗ ಚಿತೆಯ ನೇರಕ್ಕಿತ್ತು. ಕುಂಞ ಕೆಂಪುಕಲ್ಲೊಂದನ್ನು ಎತ್ತಿಕೊಂಡು ಬಂದ.

"ಮುಚ್ಚಿಬಿಡ್ತೇನಕ್ಕಾ. ಕಿಟಕಿ ಆಚೆ ಬದಿಗೆ ಇಡುವ. ದಿನಾ ಒಲೆಯ ಮುಂದೆ ನಿಂತಾಗ ಇದು ಕಾಣುವುದು..."

ಮಿಸ್ರಿಯಾ ಗಂಗಾಳತ್ತ ನೋಡಿದಳು. ಗಂಗಾ ಎದ್ದು ಆ ತೆರೆದ ಜಾಗದ ಮುಂದೆ ನಿಂತಳು. ಗಾಳಿ ತಿರುಗಿತು.

"ಮುಚ್ಚಬೇಡ," ಎಂದಳು.

ಕುಂಞ ಕಲ್ಲನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ತೋಳಲ್ಲಿ ಹೊತ್ತುಕೊಂಡೇ ನಿಂತ. ಕಿಟಕಿಯಿಂದ ಒಳಗೆ ನುಗ್ಗಿದ ಹೊಗೆ ಕೋಣೆಯಿಂದ ಕೋಣೆಗೆ ಸುತ್ತಿ, ಇಬ್ಬರು ಹೆಂಗಸರ ತಲೆಯ ಮೇಲೆ ಹಾದು, ಇನ್ನೂ ಮಾಡು ಹೊದಿಸದ ಮನೆಯಿಂದ ನೇರ ಮೇಲಕ್ಕೆ ಹೋಯಿತು.