ಉಡಿಗೆ ತಂದ ಅರಿಶಿನ

ಹೊಳೆಗೂ ಗಿಡಕ್ಕೂ ಬಾಯಿ ಬರುತ್ತಿದ್ದ ಕಾಲದಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ತಂಗಿಯನ್ನು ಹೊಳೆದಂಡೆಯ ಊರಿಗೆ ಮದುವೆ ಮಾಡಿ ಕಳಿಸುವಾಗ ಅಕ್ಕ ಬಂಡಿಯ ಹಿಂದೆ ಓಡುತ್ತ ಹೋಗಿ, ನಾನು ಇರುವವರೆಗೆ ತವರಿನ ಉಡಿ ನಿನಗೆ ತಪ್ಪುವುದಿಲ್ಲ ಎಂದು ಮಾತು ಕೊಟ್ಟಳಂತೆ.

ಅಜ್ಜಿ ಈ ಕತೆಯನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಮುಗಿಸಿದ್ದು ಮಾತ್ರ ಇಲ್ಲ. ಅಕ್ಕ ಎಂದರೆ ಅವಳೇ, ನನ್ನ ಅಜ್ಜಿ ಪದ್ಮಾಬಾಯಿ, ತಂಗಿ ಎಂದರೆ ಐರಣಿಯ ಅಂಬಾಬಾಯಿ ಎಂದು ನನಗೆ ತಿಳಿದದ್ದು ಅಜ್ಜ ತೀರಿಕೊಂಡ ವರ್ಷ. ಗಂಡ ಹೋದವಳ ಕೈ ಉಡಿ ತುಂಬಬಾರದು. ಅಂದಿನಿಂದ ಹನ್ನೆರಡು ವರ್ಷ ಅಜ್ಜಿ ಐರಣಿಯ ಕಡೆಗೆ ಹೋಗಲೇ ಇಲ್ಲ. ಆಮೇಲೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಈಗ ಎಂಟು ತಿಂಗಳಿನಿಂದ ಮಲಗಿದಲ್ಲೇ ಇದ್ದಾಳೆ.

ನನ್ನದೊಂದು ಹಳೆಯ ವ್ಯಾನು. ಹಾವೇರಿಯಲ್ಲಿ ಎಂಬತ್ತೈದು ಸಾವಿರಕ್ಕೆ ಕೊಂಡದ್ದು. ಬ್ಯಾಡಗಿಯ ಸುತ್ತಲಿನ ಹಳ್ಳಿಗಳಿಂದ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಬೆಳಿಗ್ಗೆ ಕೆಲಸಕ್ಕೆ ತಂದುಬಿಡುತ್ತೇನೆ. ಏಳು ರೋಗದ ರಾಕ್ಷಸನನ್ನು ಸಾಕಿದ್ದೇನೆಂದು ನಾನೇ ನಗುತ್ತಿದ್ದೆ. ಬಾಗಿಲನ್ನು ಎತ್ತಿ ಹಿಡಿದೇ ಎಳೆಯಬೇಕು. ತಳ ತುಕ್ಕು ತಿಂದು ಕಾಲ ಬುಡದಲ್ಲಿ ರಸ್ತೆ ಓಡುವುದು ಕಾಣುತ್ತದೆ. ಕ್ಲಚ್ ಪ್ಲೇಟು ಯುಗಾದಿಗೆ ನಾಲ್ಕು ಸಾವಿರ ನುಂಗಿತ್ತು. ರಾಣೆಬೆನ್ನೂರಿನ ಮೆಕ್ಯಾನಿಕ್ ಯೂಸುಫಸಾಬರು ರೇಡಿಯೇಟರ್ ನೋಡಿ, ಒಳಗಿನ ನಳಿಗೆಗಳು ಕೊಳೆತಿವೆ, ಹೊಸದು ಕೂರಿಸಲು ಆರು ಸಾವಿರ, ತಡಮಾಡಬೇಡ ಎಂದಿದ್ದರು. ಮೆಣಸಿನಕಾಯಿ ಸೀಸನ್ ಮುಗಿಯಲಿ ಎಂದು ನಾನು ಹೇಳಿ ಬಂದಿದ್ದೆ.

ಅದರ ನಡುವೆ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಒಬ್ಬ ಲಾರಿ ಡ್ರೈವರು ಸೋರುವ ರೇಡಿಯೇಟರಿಗೆ ಅರಿಶಿನ ಹಾಕುತ್ತಾರೆ ಎಂದ. ನನಗೆ ಅದು ಹೊಸದೆನಿಸಲೇ ಇಲ್ಲ. ಚಿಕ್ಕಂದಿನಲ್ಲಿ ನನ್ನ ಮೊಣಕಾಲು ಒಡೆದಾಗಲೆಲ್ಲ ಅಜ್ಜಿ ಅರಿಶಿನ ಒತ್ತಿ, ಗಾಯಕ್ಕೊಂದು ಕತೆ ಹೇಳಿ ಮಲಗಿಸುತ್ತಿದ್ದಳು. ಎರಡು ಚಮಚ ಹಾಕಿದೆ. ಸೋರುವುದು ನಿಂತಿತು. ಕತೆಯೊಂದು ಖರೆಯಾದಷ್ಟು ಸಂತೋಷವಾಯಿತು. ಆಮೇಲೆ ಸೋರಿದಾಗಲೆಲ್ಲ ಹಾಕುತ್ತ ಹೋದೆ.

ಗುರುವಾರ ಬೆಳಿಗ್ಗೆ ಅಂಬಾಬಾಯಿಯ ಗಂಡ ಗಂಗಾಧರರಾಯರು ಐರಣಿಯಿಂದ ಫೋನು ಮಾಡಿದರು. ಎರಡು ದಿನದಿಂದ ಅವಳಿಗೆ ನೀರು ಬಿಟ್ಟು ಏನೂ ಇಳಿದಿಲ್ಲ, ಬಾಗಿಲ ಕಡೆ ನೋಡುತ್ತ ಅಕ್ಕ ಬಂದಳೇ ಎಂದು ಕೇಳುತ್ತಾಳೆ ಎಂದರು. ಅಜ್ಜಿ ಸೀರೆ, ಕುಪ್ಪಸದ ಖಣ, ಅಕ್ಕಿ, ಕಾಯಿ, ಮನೆಯಲ್ಲಿ ಕುಟ್ಟಿದ ಅರಿಶಿನದ ಪೊಟ್ಟಣ ಎಲ್ಲವನ್ನೂ ಗಂಟು ಕಟ್ಟಿಸಿದಳು.

"ನಾ ಬಾಜೂಕ ಇರ್ತೀನಿ, ನೀ ಮುತ್ತೈದಿ, ನೀ ತುಂಬು," ಎಂದಳು. "ಆಕೀ ಕಣ್ಣ ತೆರದಿರೂದರಾಗ ನನ್ನ ಮುಟ್ಟಸು."

"ಹನ್ನೊಂದಕ್ಕ ಮುಟ್ಟಸ್ತೀನಿ ಅಜ್ಜಿ," ಎಂದೆ.

ಹಿಂದಿನ ಸೀಟು ಬಿಚ್ಚಿ ಗಾದಿ ಹಾಸಿ ಅವಳನ್ನು ಮಲಗಿಸಿಕೊಂಡು ಒಂಬತ್ತಕ್ಕೆ ಹೊರಟೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಇಳಿದು ನೋಡಿದರೆ ಕೆಳಗೆ ಟಪಟಪ ನೀರು. ತಣ್ಣಗಾಗುವವರೆಗೆ ಕಾದೆ. ನೀರಿನ ಬಾಟಲಿ ಇತ್ತು, ಅರಿಶಿನ ಮನೆಯಲ್ಲಿ ಉಳಿದಿತ್ತು. ಅಜ್ಜಿಯ ಕಣ್ಣು ಮುಚ್ಚಿದ್ದವು. ಉಡಿಯ ಗಂಟು ಬಿಚ್ಚಿ ಪೊಟ್ಟಣದ ಅರ್ಧ ಸುರಿದೆ. ಸೋರುವುದು ನಿಂತಿತು. ಗಂಟನ್ನು ಮೊದಲಿದ್ದ ಹಾಗೆಯೇ ಕಟ್ಟಿದೆ.

ಹೆದ್ದಾರಿಯಲ್ಲಿ ಎಂಟು ಕಿಲೋಮೀಟರು ಹೋಗಿರಬಹುದು. ಸೀಟಿನ ಕೆಳಗಿಂದ ಬಿಳಿ ಹಬೆ ನುಗ್ಗಿ ಎಂಜಿನ್ ನಿಂತೇ ಹೋಯಿತು.

ಯೂಸುಫಸಾಬರು ಪರಿಚಯದವರ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದೊಯ್ಯುವಷ್ಟರಲ್ಲಿ ಹನ್ನೊಂದೂವರೆ. ಬೇರೆ ಗಾಡಿಗಾಗಿ ಕಂಡಕಂಡವರಿಗೆ ಫೋನು ಮಾಡಿದೆ. ಮದುವೆಯ ಮುಹೂರ್ತದ ದಿನ, ಎಲ್ಲ ಬಾಡಿಗೆಗೆ ಹೋಗಿದ್ದವು. ಆಟೋದಲ್ಲಿ ಮುರಿದ ಸೊಂಟವನ್ನು ಮಡಚಿ ಕೂರಿಸುವಂತಿರಲಿಲ್ಲ. ಅಜ್ಜಿ ಗ್ಯಾರೇಜಿನಲ್ಲಿ, ವ್ಯಾನಿನೊಳಗೇ, ತಗಡಿನ ಚಾವಣಿ ನೋಡುತ್ತ ಮಲಗಿದ್ದಳು.

ಯೂಸುಫಸಾಬರು ರೇಡಿಯೇಟರ್ ಬಿಚ್ಚಿ ಬಕೀಟಿಗೆ ಬಗ್ಗಿಸಿದರು. ನೀರು ಬರಲಿಲ್ಲ. ಹಳದಿ ಕೆಸರು ಮುದ್ದೆಮುದ್ದೆಯಾಗಿ ಬಿತ್ತು.

"ಗಾಡಿಗೆ ನೆಗಡಿ ಆಗಿತ್ತೇನವಾ?" ಎಂದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ತೂತೇನೋ ಮುಚ್ಚೇತಿ. ಅದರ ಜೋಡಿ ಚಲೋ ನಳಗಿನೂ ಮುಚ್ಚ್ಯಾವು. ನೀರಿಗೆ ಹಾಯಾಕ ಹಾದೀನ ಉಳದಿಲ್ಲ."

ಕುದಿದು ಕುದಿದು, ಎಂಜಿನ್ನಿನೊಳಗೆ ನೀರು ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಬಿಚ್ಚಿ ಲೇತಿಗೆ ಕೊಟ್ಟು ನುಣುಪು ಮಾಡಿಸಬೇಕು, ರೇಡಿಯೇಟರ್ ಸೇರಿ ಹದಿನೆಂಟು ಸಾವಿರ, ಮೂರು ದಿನ. ನನಗೆ ಇಂದೇ ಬೇಕಿತ್ತು. ಅವರು ಊಟಕ್ಕೂ ಏಳದೆ, ಗುಜರಿಗೆ ಹೋಗಬೇಕಿದ್ದ ಇನ್ನೊಂದು ವ್ಯಾನಿನ ರೇಡಿಯೇಟರ್ ಬಿಚ್ಚಿ ನನ್ನದಕ್ಕೆ ಕೂರಿಸಿದರು. ಗ್ಯಾಸ್ಕೆಟ್ ಹಾಗೆಯೇ ಇದೆ, ನೀರು ಕುದಿಯುತ್ತದೆ, ನಾಲ್ಕು ಕಿಲೋಮೀಟರಿಗೊಮ್ಮೆ ನಿಲ್ಲಿಸು ಎಂದು ಎರಡು ಕ್ಯಾನ್ ನೀರು ಇಟ್ಟರು.

ಹೊರಡಬೇಕು ಎನ್ನುವಾಗ ಗಂಗಾಧರರಾಯರ ಫೋನು ಬಂತು. ಹೋದಳು ಎಂದರು. ತವರಿನ ಸೀರೆಗಾಗಿ ಹೊತ್ತು ಮುಳುಗುವವರೆಗೆ ಕಾಯುತ್ತೇವೆ, ಆಮೇಲೆ ಆಗುವುದಿಲ್ಲ ಎಂದರು. ನಾನು ವ್ಯಾನಿನೊಳಗೆ ಬಗ್ಗಿ ಅಜ್ಜಿಗೆ ಹೇಳಿದೆ. ಅವಳು ಎಷ್ಟೊತ್ತಿಗೆ ಎಂದಷ್ಟೇ ಕೇಳಿದಳು. ಎರಡೂವರೆಗೆ ಎಂದೆ.

"ಹನ್ನೊಂದಕ್ಕ ಮುಟ್ಟಿದ್ರ," ಎಂದಳು ಅಜ್ಜಿ, "ಮೂರೂವರಿ ತಾಸು ಮಾತಾಡತಿದ್ವಿ."

ಐರಣಿಯ ದಾರಿ ಹಿಡಿದೆ. ನಾನು ಐದು ಸಲ ನಿಲ್ಲಿಸಿದೆ. ಪ್ರತಿ ಸಲವೂ ಮುಚ್ಚಳಕ್ಕೆ ಹಸಿ ಬಟ್ಟೆ ಸುತ್ತಿ, ಕಾದು, ತೆಗೆದು ನೀರು ಹೊಯ್ದೆ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇತ್ತು. ಚಿಕ್ಕಂದಿನಲ್ಲಾಗಿದ್ದರೆ ಮೋಡ ನಮ್ಮನ್ನು ಹಿಂಬಾಲಿಸುತ್ತಿದೆ ಎಂದುಕೊಳ್ಳುತ್ತಿದ್ದೆ.

ಐರಣಿ ಮುಟ್ಟಿದಾಗ ಹೊಳೆಯ ಮೇಲೆ ಇನ್ನೊಂದು ಮಾರು ಬಿಸಿಲು ಉಳಿದಿತ್ತು. ಮನೆಯ ಮುಂದೆ ಅಂಬಾಬಾಯಿಯನ್ನು ಮಲಗಿಸಿದ್ದರು. ಕಣ್ಣು ಮುಚ್ಚಿಸಿಯಾಗಿತ್ತು. ನಾಲ್ವರು ಅಜ್ಜಿಯನ್ನು ಗಾದಿ ಸಮೇತ ಎತ್ತಿ ತಂಗಿಯ ಪಕ್ಕಕ್ಕೆ ಇಳಿಸಿದರು. ಹೆಂಗಸರು ಸೀರೆ ಹೊದಿಸಿದರು. ನಾನು ಗಂಟು ಬಿಚ್ಚಿ ಅಕ್ಕಿಗೆ ಕೈ ಹಾಕಿದೆ.

"ನೀ ಬಾಜೂಕ ಸರಿ," ಎಂದಳು ಅಜ್ಜಿ. "ನನ್ನ ಎಬ್ಬಿಸಿ ಹಿಡಿ."

ಗುಂಪಿನಲ್ಲಿದ್ದ ಮುದುಕಿಯೊಬ್ಬಳು ವಿಧವೆಯ ಕೈ ನಡೆಯುವುದಿಲ್ಲ, ಮುತ್ತೈದೆಯಾಗಿ ಹೋದವಳು ಎಂದು ಗೊಣಗಿದಳು. ಅಜ್ಜಿ ಅತ್ತ ತಿರುಗಲೂ ಇಲ್ಲ.

"ಮಾತು ಕೊಟ್ಟಾಕಿ ನಾನು," ಎಂದಳು.

ನಾನು ಹಿಂದೆ ಕೂತು ಕಂಕುಳಲ್ಲಿ ಕೈ ಕೊಟ್ಟು ಅವಳನ್ನು ಎತ್ತಿ ಹಿಡಿದೆ. ಸೊಂಟ ಅಲುಗಿದ ನೋವಿಗೆ ಅವಳ ಮೈಯೆಲ್ಲ ನಡುಗುತ್ತಿತ್ತು. ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಖಣ ಇಟ್ಟಳು. ಆಮೇಲೆ ಹಿಂದಕ್ಕೆ ನೋಡದೆಯೇ ನನ್ನ ಕಡೆ ಅಂಗೈ ಚಾಚಿದಳು.

"ಉಳಿದ ಅರಿಶಿಣ ಕೊಡು."

ಅರ್ಧ ಪೊಟ್ಟಣವನ್ನು ಅವಳ ಕೈಯಲ್ಲಿಟ್ಟೆ. ತಂಗಿಯ ಎರಡೂ ಕೆನ್ನೆಗೆ ಹಚ್ಚಿ, ಮಿಕ್ಕಿದ್ದನ್ನು ಉಡಿಗೆ ಸುರಿದು, ಕಾಗದವನ್ನು ಕೊಡವಿ, ಸೆರಗಿಗೆ ಗಂಟು ಹಾಕಿದಳು.