ತಾನಾಗಿ ಹಿಡಿದ ಬ್ರೇಕು

ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಕಡೆ ಮರಳುವಾಗ ಲಾರಿ ತಾನಾಗಿಯೇ ಬ್ರೇಕು ಹಿಡಿಯಿತು. ಎದುರಿಗೆ ಏನೂ ಇರಲಿಲ್ಲ. ರಸ್ತೆಯ ಅಂಚಿಗೊಂದು ಜಾಲಿ ಮರ, ಅದರ ನೆರಳು, ಅಷ್ಟೆ. ಸೀಟಿನ ಪಟ್ಟಿ ಹುಮಾಳ ಹೆಗಲನ್ನು ಕೊರೆಯುವಂತೆ ಒತ್ತಿತು. ತೊಡೆಯ ಮೇಲಿದ್ದ ಲ್ಯಾಪ್‌ಟಾಪು ಜಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮರುಕ್ಷಣ ಬ್ರೇಕು ಸಡಿಲಾಯಿತು.

'ನಾ ಕಾಲ ಇಟ್ಟಿಲ್ರಿ ಮೇಡಂ,' ಎಂದ ಡ್ರೈವರ್ ಪ್ರಸಾದ. 'ಮುಂಜಾನೆನೂ ಹಿಂಗ ಮಾಡಿತ್ತು.'

'ಗೊತ್ತೈತಿ. ನೀವು ನಡೀರಿ.'

ಹುಮಾ ರಾಯಾಪುರದ ಆಚೆಗಿದ್ದ ದೊಡ್ಡ ವಾಹನ ಕಂಪನಿಯೊಂದರ ಸಂಶೋಧನಾ ವಿಭಾಗದಲ್ಲಿ ಎಂಜಿನಿಯರ್. ಕಮರಿಪೇಟೆಯಲ್ಲಿ ಅವಳ ಅಪ್ಪ ಗೌಸಸಾಬನ ಗ್ಯಾರೇಜಿತ್ತು. ಅಪಘಾತದಲ್ಲಿ ನುಜ್ಜುಗುಜ್ಜಾದ ಲಾರಿಗಳು ಅಲ್ಲಿಗೆ ಬರುತ್ತಿದ್ದವು. ಒಳಗೆ ಅಂಟಿದ ರಕ್ತವನ್ನು ಅಪ್ಪ ಮೊದಲು ಪೈಪು ಹಿಡಿದು ತೊಳೆದು, ಆಮೇಲೆ ಸುತ್ತಿಗೆ ಎತ್ತುತ್ತಿದ್ದ. ಅದನ್ನು ನೋಡುತ್ತಲೇ ಬೆಳೆದವಳು ಈಗ, ಡ್ರೈವರ್ ತೂಕಡಿಸಿದರೂ ತಾನೇ ನಿಲ್ಲುವ ಲಾರಿಯನ್ನು ಮಾಡಲು ಹೊರಟಿದ್ದಳು. ಬಂಪರಿನಲ್ಲಿ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ. ಅಡ್ಡ ಏನಾದರೂ ಕಂಡರೆ ಲಾರಿಯೇ ಬ್ರೇಕು ಹಾಕಬೇಕು.

ಅವಳು ವಿಭಾಗದ ಮುಖ್ಯಸ್ಥ ಅಂಬರೀಷನಿಗೆ ಫೋನು ಮಾಡಿದಳು.

'ಸರ್, ಇಲ್ಲದ್ದನ್ನ ಐತಿ ಅಂತ ನೋಡಾಕತ್ತೈತಿ. ಬಂದ್ ಮಾಡಿ ತರ್ಲೇನ್ರಿ?'

'ಸೋಮವಾರ ಗಾಡಿ ನೋಡಾಕ ಮಂದಿ ಬರ್ತಾರ, ಹುಮಾ. ಇವತ್ತಿನ ಓಟ ಮುಗಿಸು. ಆಮ್ಯಾಲೆ ನೋಡೋಣು.'

ಡ್ಯಾಶ್‌ಬೋರ್ಡಿನ ಕೆಳಗೆ ಕೆಂಪು ಸ್ವಿಚ್ಚಿತ್ತು. ಅದನ್ನು ಒತ್ತಿದರೆ ಇಡೀ ವ್ಯವಸ್ಥೆ ಆರಿ, ಲಾರಿ ಸಾಮಾನ್ಯ ಲಾರಿಯಾಗುತ್ತಿತ್ತು. ಹುಮಾ ಅದರ ಮೇಲೆ ಬೆರಳಿಟ್ಟಳು. ಹುಬ್ಬಳ್ಳಿ ಇನ್ನೇನು ಬಂದೇಬಿಟ್ಟಿತು ಎಂದುಕೊಂಡು ತೆಗೆದಳು.

ಶಿರಗುಪ್ಪಿಯ ಹತ್ತಿರ ಎದುರಿನಿಂದ ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂತು. ಅದು ತನ್ನ ಬದಿಯಲ್ಲೇ ಇತ್ತು. ಮೇಲೆ ಕಟ್ಟಿದ್ದ ನೀಲಿ ತಾಡಪಾಲಿನ ಒಂದು ತುದಿ ಬಿಚ್ಚಿ ಗಾಳಿಗೆ ರಸ್ತೆಯ ನಡುವಿನವರೆಗೂ ಹಾರಿತು. ಲಾರಿ ಅದನ್ನು ಗೋಡೆಯೆಂದು ತಿಳಿಯಿತು.

ಈ ಸಲ ಬ್ರೇಕು ಬಿಡಲಿಲ್ಲ. ಪರೀಕ್ಷೆಗೆಂದು ಹಿಂದೆ ತುಂಬಿದ್ದ ಕಬ್ಬಿಣದ ತೂಕವೆಲ್ಲ ಒಮ್ಮೆಲೇ ಮುಂದಕ್ಕೆ ನುಗ್ಗಿತು. ಚಕ್ರಗಳು ಕಿರುಚಿದವು, ರಬ್ಬರಿನ ಹೊಗೆ ಕ್ಯಾಬಿನ್ನಿನೊಳಗೆ ತುಂಬಿತು. ಪ್ರಸಾದನ ಕಾಲುಗಳೆರಡೂ ಪೆಡಲಿನಿಂದ ಹಿಂದೆ ಸರಿದಿದ್ದವು. ಅವನು ಸ್ಟೇರಿಂಗನ್ನು ಮಾತ್ರ ಹಿಡಿದು ಕೂತಿದ್ದ. ಲಾರಿ ನಿಂತಿತು. ನಿಂತದ್ದೇ ತಡ, ಹಿಂದಿನಿಂದ ತೆಂಗಿನಕಾಯಿ ಒಡೆದಂಥ ಸದ್ದು ಬಂತು.

ಇಬ್ಬರೂ ಇಳಿದು ಓಡಿದರು. ಹಿಂದೆ ಬರುತ್ತಿದ್ದ ಮೋಟರ್‌ಸೈಕಲ್ಲಿನ ಮುಂಭಾಗ ಲಾರಿಯ ಕೆಳಗೆ ಸಿಕ್ಕಿಕೊಂಡಿತ್ತು. ಓಡಿಸುತ್ತಿದ್ದವನ ತಲೆ ಹಿಂದಿನ ಕಬ್ಬಿಣದ ತೊಲೆಗೆ ಬಡಿದು, ಮುಖವೆಂಬುದು ಉಳಿದಿರಲಿಲ್ಲ. ಬಿಳಿ ಅಂಗಿ ನೋಡನೋಡುತ್ತಿದ್ದಂತೆ ಕೆಂಪಾಯಿತು. ಹಿಂದೆ ಕೂತಿದ್ದ ಹೆಂಗಸು ರಸ್ತೆಯ ಬದಿಗೆ ಹಾರಿ ಬಿದ್ದಿದ್ದಳು. ಅವಳ ಬಲಗೈ ಮೊಣಕೈಯ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು.

ರಸ್ತೆಬದಿಯ ಚಹಾದಂಗಡಿಯಿಂದ ನಾಲ್ಕಾರು ಮಂದಿ ಓಡಿಬಂದರು. ಹೊಲಗಳಿಂದ ಇನ್ನಷ್ಟು ಜನ.

'ಕುಬೇರಪ್ಪ ಅದಾನೋ,' ಎಂದ ಒಬ್ಬ, ಮೋಟರ್‌ಸೈಕಲ್ಲಿನ ಗುರುತು ಹಿಡಿದು. 'ನಮ್ಮ ಕುಬೇರಪ್ಪ.'

'ಯಾರು ಡ್ರೈವರ್?'

ಪ್ರಸಾದ ಕೈ ಮುಗಿದ. 'ನಾ ಬ್ರೇಕ್ ಹಿಡದಿಲ್ರಿ ಯಪ್ಪಾ.'

ಅದು ಅವರ ಕಿವಿಗೆ ಸುಳ್ಳಾಗಿ ಕೇಳಿತು. ರಸ್ತೆಯ ಮೇಲೆ ಚಕ್ರದ ಕಪ್ಪು ಗೆರೆಗಳು ಉದ್ದಕ್ಕೂ ಬಿದ್ದಿದ್ದವು. ಚಹಾದಂಗಡಿಯವನು ಮೊದಲ ಏಟು ಹೊಡೆದ, ಬರೀ ಮುಷ್ಟಿಯಿಂದ, ನೇರ ಬಾಯಿಗೆ. ಪ್ರಸಾದ ಮತ್ತೆ ಅದೇ ಮಾತು ಹೇಳಿದ. ಆಮೇಲೆ ಯಾರು ಎಲ್ಲಿಂದ ಹೊಡೆದರೆಂದು ಹೇಳುವಂತಿರಲಿಲ್ಲ. ಬಿದ್ದವನ ಪಕ್ಕೆಲುಬಿಗೆ ಒದ್ದರು. ಒಬ್ಬ ಸಲಿಕೆಯ ಹಿಡಿಕೆ ತಂದ. ಅದು ಮೊದಲು ಬೆನ್ನಿಗೆ ಬಿತ್ತು, ಆಮೇಲೆ ಕಣ್ಣಿಗೆ. ಪ್ರಸಾದನ ಕೂಗು ನಿಂತು ಗಂಟಲಿನಿಂದ ಗೊರಗೊರ ಸದ್ದು ಬರತೊಡಗಿತು. ಇನ್ನು ಕೆಲವರು ಲಾರಿ ಹತ್ತಿ ಗಾಜು ಒಡೆದು, ಕ್ಯಾಮೆರಾ, ಲ್ಯಾಪ್‌ಟಾಪು, ವೈರುಗಳನ್ನೆಲ್ಲ ಕಿತ್ತು ರಸ್ತೆಗೆಸೆದು ಕಲ್ಲಿನಿಂದ ಜಜ್ಜಿದರು. ಯಾರೋ ಡೀಸೆಲ್ ಟ್ಯಾಂಕಿನ ಪೈಪು ಕತ್ತರಿಸಿ ಬೆಂಕಿ ಇಟ್ಟರು.

ಹುಮಾ ಪ್ರಸಾದನ ಮೇಲೆ ಅಡ್ಡ ಬಿದ್ದಳು. ಒಬ್ಬ ಅವಳ ಜಡೆ ಹಿಡಿದು ಎಳೆದ. ಕೂದಲು ಬೇರಿನಿಂದ ಕಿತ್ತು ಬಂದದ್ದು ಅವಳಿಗೆ ಗೊತ್ತಾಯಿತು. ಬೆನ್ನಿಗೆ ಒದೆ ಬಿತ್ತು. ಅವಳು ಬಿಡಲಿಲ್ಲ.

'ಅವನಲ್ರಿ,' ಎಂದು ಕೂಗಿದಳು. 'ಅವ ಕಾಲ ಇಟ್ಟಿಲ್ಲ. ಗಾಡಿನ ತಾನ ನಿಂತೈತಿ. ಹಂಗ ನಿಲ್ಲೂಹಂಗ ಮಾಡಿದಾಕಿ ನಾನು. ಬಂದ್ ಮಾಡೂದಿತ್ತು, ಮಾಡ್ಲಿಲ್ಲ.'

'ಏನಂದಿ?'

ಕೇಳಿದವಳು ಕುಬೇರಪ್ಪನ ಹೆಂಡತಿ ಕಾಳವ್ವ. ಮುರಿದ ಕೈಯನ್ನು ಹೊಟ್ಟೆಗೊತ್ತಿಕೊಂಡು ಎದ್ದು ನಿಂತಿದ್ದಳು. ಜನ ದಾರಿ ಬಿಟ್ಟರು.

'ಇನ್ನೊಮ್ಮೆ ಹೇಳು.'

ಹುಮಾ ಮಂಡಿಯೂರಿ ಎದ್ದಳು. 'ಬ್ರೇಕ್ ಹಿಡಿದಿದ್ದು ಮಷೀನ್‌ರಿ ಅವ್ವಾ. ಮುಂಜಾನಿಂದ ತಪ್ಪು ಮಾಡಾಕತ್ತಿತ್ತು. ನನಗ ಗೊತ್ತಿತ್ತು. ನಾ ಆರಸಲಿಲ್ಲ.'

ಕಾಳವ್ವ ಬಾಗಿ ಎಡಗೈಯಲ್ಲಿ ಜಲ್ಲಿಕಲ್ಲೊಂದನ್ನು ಎತ್ತಿಕೊಂಡಳು. ಅವಸರ ಮಾಡಲಿಲ್ಲ. ಹುಮಾಳಿಗೆ ಓಡಲು ಬೇಕಾದಷ್ಟು ಹೊತ್ತಿತ್ತು, ಓಡಲಿಲ್ಲ. ಕಲ್ಲು ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಕಾಳವ್ವ ಮತ್ತೊಮ್ಮೆ ಹೊಡೆದಳು. ಮೂರನೆಯ ಸಲ ಕೈ ಎತ್ತಿದವಳು ಹಾಗೇ ನಿಂತು, ಕಲ್ಲು ಬಿಟ್ಟು, ಗಂಡನ ಹೆಣದ ಹತ್ತಿರ ಹೋಗಿ ಕೂತಳು.

ಅದಾದ ಮೇಲೆ ಯಾರೂ ಕೈ ಎತ್ತಲಿಲ್ಲ. ಸಲಿಕೆಯ ಹಿಡಿಕೆಯವನು ಅದನ್ನು ಬೆಂಕಿಗೆ ಎಸೆದ. ಉರಿಯುವ ಲಾರಿಯಿಂದ ಹೆಣವನ್ನು ದೂರ ಎಳೆಯಲು ಎಲ್ಲರೂ ಕೈಹಚ್ಚಿದರು. ಪೊಲೀಸ್ ಜೀಪು ಬಂತು.

ಆಸ್ಪತ್ರೆಯಲ್ಲಿ ಪ್ರಸಾದನ ಎಡಗಣ್ಣು ತೆಗೆದರು. ಅವನಿಗೆ ಎಚ್ಚರವಾಗುವ ಮೊದಲೇ ಅಂಬರೀಷ ಬಂದು ಹುಮಾಳ ಮಂಚದ ಪಕ್ಕ ನಿಂತ. ಊದಿದ ಅವಳ ಮುಖವನ್ನು ನೋಡಲಾಗದೆ ಗೋಡೆಯ ಕಡೆ ನೋಡುತ್ತ ಮಾತಾಡಿದ.

'ಸಿಸ್ಟಮ್ ಆಫ್ ಇತ್ತು ಅಂತ ಪೊಲೀಸರಿಗೆ ಹೇಳೇವಿ. ನಾಯಿ ಅಡ್ಡ ಬಂತು, ಡ್ರೈವರ್ ಗಾಬರಿ ಆಗಿ ಬ್ರೇಕ್ ಹಾಕಿದ. ನೀನೂ ಹಂಗ ಹೇಳು. ಎಲ್ಲಾ ಸುಟ್ಟು ಹೋಗೈತಿ, ಯಾರೂ ಏನೂ ನೋಡಾಕ ಆಗಂಗಿಲ್ಲ.'

'ಪ್ರಸಾದ ಜೇಲಿಗೆ ಹೋಗ್ತಾನ್ರಿ.'

'ನೀ ಹೋಗಂಗಿಲ್ಲಲ್ಲ.'

ಹುಮಾ ಪಕ್ಕದಲ್ಲಿದ್ದ ಸ್ಟೀಲಿನ ತಂಬಿಗೆಯನ್ನು ಎತ್ತಿ ಅವನ ಮುಖಕ್ಕೆ ಬೀಸಿದಳು. ಹುಬ್ಬು ಸೀಳಿತು. ತನ್ನ ಕೈ ಅಷ್ಟು ಸಲೀಸಾಗಿ ಮೇಲೆದ್ದದ್ದು ಕಂಡು ಅವಳಿಗೇ ಹೆದರಿಕೆಯಾಯಿತು. ಅಂಬರೀಷ ರಕ್ತವನ್ನು ಕರವಸ್ತ್ರದಿಂದ ಒತ್ತಿ ಹಿಡಿದು ಹೊರಗೆ ಹೋದ.

ಮರುದಿನ ಅವಳು ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಪ್ರಸಾದನಿಗೆ ಹೊಡೆದವರ ಗುರುತನ್ನೂ ಹೇಳಿದಳು. 'ನಿಮಗ ಹೊಡದವರು ಯಾರ್ರಿ?' ಎಂದು ಇನ್ಸ್‌ಪೆಕ್ಟರ್ ಕೇಳಿದಾಗ, ಗದ್ದಲದಲ್ಲಿ ಕಾಣಲಿಲ್ಲ ಎಂದಳು. ಕಂಪನಿ ಅವಳನ್ನು ಕೆಲಸದಿಂದ ತೆಗೆಯಿತು. ಮೇಲಧಿಕಾರಿಯ ಮೇಲೆ ಕೈ ಮಾಡಿದವಳು ಸೇಡಿಗಾಗಿ ಕತೆ ಕಟ್ಟಿದ್ದಾಳೆ ಎಂದು ಅವರ ವಕೀಲ ಹೇಳಿದ. ಇನ್ಸ್‌ಪೆಕ್ಟರಿಗೂ ಹಾಗೇ ಅನಿಸಿತ್ತು.

ಆಗ ಕಾಳವ್ವ ಠಾಣೆಗೆ ಬಂದಳು. ಕೈಗೆ ಪ್ಲಾಸ್ಟರಿತ್ತು. ಅವಳನ್ನು ಯಾರೂ ಕರೆಸಿರಲಿಲ್ಲ; ಡ್ರೈವರನನ್ನು ಹಿಡಿದುಹಾಕಿದರೆಂದು ಊರಿನಲ್ಲಿ ಕೇಳಿ ಬಸ್ಸು ಹತ್ತಿದ್ದಳು. ಇನ್ಸ್‌ಪೆಕ್ಟರ್ ಹುಮಾಳನ್ನೂ ಕರೆಸಿದ.

'ಈಕಿ ಹಲ್ಲು ಮುರದಾಕಿ ನಾನ್ರಿ ಸಾಹೇಬ್ರ,' ಎಂದಳು ಕಾಳವ್ವ. 'ಬರಕೋರಿ. ಯಾಕ ಮುರದೆ, ಅದನೂ ಬರಕೋರಿ. ಗಾಡಿ ತಾನ ನಿಂತೈತಿ, ನಾ ಆರಸಲಿಲ್ಲ ಅಂತ ಈಕಿ ಅಲ್ಲೇ ಹೇಳಿದ್ಲು. ನನ್ನ ಗಂಡನ ರಕ್ತ ಇನ್ನೂ ಹರಿಯಾಕತ್ತಿತ್ತು. ಕತಿ ಕಟ್ಟೂವಷ್ಟು ಹೊತ್ತು ಎಲ್ಲಿತ್ರಿ ಈಕಿಗೆ?'

'ಅವ್ವಾ, ಇದು ನಿಮ್ಮ ಮ್ಯಾಲೂ ಕೇಸ್ ಆಗ್ತೈತಿ.'

'ಆಗ್ಲಿ.'

ಅವಳ ಮಾತು ಕೇಳಿ ಚಹಾದಂಗಡಿಯವನೂ ಕೊನೆಗೆ ಒಪ್ಪಿಕೊಂಡ: ಹೊಡೆಯುತ್ತಿರುವಾಗ ತಾನೂ ಅದನ್ನು ಕೇಳಿದ್ದೆ, ಆದರೂ ಕೈ ನಿಲ್ಲಲಿಲ್ಲ. ಪ್ರಸಾದನ ಮೇಲಿನ ಪ್ರಕರಣ ಬಿದ್ದುಹೋಯಿತು. ಪೊಲೀಸರು ಅಂಬರೀಷನ ಹೆಸರನ್ನೂ ಹುಮಾಳ ಹೆಸರನ್ನೂ ಆರೋಪಪಟ್ಟಿಗೆ ಸೇರಿಸಿದರು. ರಸ್ತೆಯ ಮೇಲಿನ ಪರೀಕ್ಷೆಗಳೆಲ್ಲ ನಿಂತವು.

ಪ್ರಸಾದನ ಮನೆಗೆ ಹೋದಾಗ ಅವನು ಹುಮಾಳನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು, ಉಳಿದ ಒಂದು ಕಣ್ಣಿನಿಂದ ಅವಳನ್ನು ನೋಡಿದ.

'ಮ್ಯಾಲೆ ಬಿದ್ದು ಉಳಿಸಿದ್ರಿ. ಅದು ಖರೇ,' ಎಂದ. 'ಆ ಸ್ವಿಚ್ ಮ್ಯಾಲೆ ನಿಮ್ಮ ಬೆರಳಿತ್ತು. ಅದೂ ನೋಡೇನ್ರಿ ನಾ.'

ಹುಮಾ ಹೌದೆಂದು ತಲೆಯಾಡಿಸಿದಳು. ಅವನು ಬಾಗಿಲು ಹಾಕಿಕೊಂಡ.